ಕಾಲಿನ ಗಾಯಕ್ಕೆ ಅಡ್ಮಿಟ್ ಆದ ಅಪ್ಪನಿಗೆ ಈಗ ಯೂರಿನ್ ಇನ್ಫೆಕ್ಷನ್. ಆಸ್ಪತ್ರೆ ಒಳಗೇ ಹೇಗೆ ಬಂತು?

ಟೊಮೇಟೊ ತೋಟ (ಕೋಲಾರ)

ಎಲ್ಲರಿಗೂ ನಮಸ್ಕಾರ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಿಂದೆ ಮುಂದೆ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 64 ವರ್ಷ. ಶುಗರ್ ಬಂದು 17 ವರ್ಷ ಆಯ್ತು. ನಮ್ಮದು ಶ್ರೀನಿವಾಸಪುರದ ಕಡೆ ಎರಡು ಎಕರೆ ಟೊಮೇಟೊ, ಉಳಿದದ್ದು ಮಾವು. ಟೊಮೇಟೊ ಗಿಡ ಕಟ್ಟುವ ತಂತಿಯ ತುಂಡೊಂದು ಹವಾಯಿ ಚಪ್ಪಲಿ ತೂರಿಕೊಂಡು ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿದೆ. ಅಪ್ಪನಿಗೆ ಗೊತ್ತೇ ಆಗಿಲ್ಲ. ಅದೇ ಕಾಲಲ್ಲಿ ನಾಲ್ಕು ದಿನ ಮಾರ್ಕೆಟ್ಟಿಗೂ ಹೋಗಿ ಬಂದಿದ್ದಾರೆ. ಕೊನೆಗೆ ಬಾಗಿಲ ಹತ್ತಿರ ಏನೋ ವಾಸನೆ ಅಂತ ಹುಡುಕಿದ್ದು ಅಮ್ಮ. ಚಪ್ಪಲಿ ಎತ್ತಿ ನೋಡಿದರೆ ಕೀವು.

ಅಡ್ಮಿಟ್ ಆದಾಗ ಶುಗರ್ 386. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟಿನಲ್ಲಿ (HbA1c) 11.2. ಸೊಂಟದ ಕೆಳಗೆ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೊಳೆತ ಭಾಗ ತೆಗೆದರು. ಅವತ್ತೇ ಯೂರಿನ್ ಪೈಪ್ ಹಾಕಿದರು, ಅದು ಇನ್ನೂ ಇದೆ. ಗಾಯ ವಾಸಿಯಾಗುತ್ತಾ ಬಂತು, ಶುಗರ್ 170ಕ್ಕೆ ಇಳಿಯಿತು. ಇನ್ನೆರಡು ದಿನಕ್ಕೆ ಮನೆಗೆ ಅಂದುಕೊಂಡಿದ್ದೆವು. ಐದನೇ ದಿನ ಸುಮ್ನೆ 240 ಆಯ್ತು, ಸಂಜೆಗೆ 290. ಆರನೇ ದಿನ ರಾತ್ರಿ ಚಳಿ ಜ್ವರ. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತು. ಯೂರಿನ್ ಇನ್ಫೆಕ್ಷನ್ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ. ಡ್ರಿಪ್ ಹಾಕಿದ್ದ ಎಡಗೈ ಕೂಡ ಕೆಂಪಾಗಿ ಊದಿದೆ.

ಇನ್ನೊಂದು ವಿಷಯ. ನಾಲ್ಕನೇ ದಿನ ಚಿಕ್ಕಪ್ಪ ಮೊದಲ ಬೇನಿಷಾ ಮಾವಿನ ಹಣ್ಣು ಅಂತ ಮನೆಯಿಂದ ತಂದಿದ್ದರು. ಅಪ್ಪ ಆಸೆಪಟ್ಟರು. ಅರ್ಧ ಹೋಳು ಕೊಟ್ಟಿದ್ದು ನಾನೇ. ಈಗ ಮನೆಯವರೆಲ್ಲ ನನ್ನ ಕಡೆ ನೋಡುವ ರೀತಿಯೇ ಬೇರೆ. ತಮ್ಮ ಮಾತ್ರ ಆಸ್ಪತ್ರೆಯವರದೇ ತಪ್ಪು, ಬೆಂಗಳೂರಿಗೆ ಹೋಗೋಣ ಅಂತಾನೆ.

ಆಂಟಿಬಯೋಟಿಕ್ ದಿನಾ ಹೋಗುತ್ತಿತ್ತು ಅಲ್ವಾ? ಹಾಗಿದ್ದೂ ಹೊಸ ಇನ್ಫೆಕ್ಷನ್ ಹೇಗೆ? ಆ ಹಣ್ಣಿನಿಂದಲಾ?

ಶಿರಾ ಸೀನ

ಯೋಚನೆ ಮಾಡಬೇಡಿ, ಇವತ್ತೇ ಡಿಸ್ಚಾರ್ಜ್ ಮಾಡಿಸಿ ಬೆಂಗಳೂರಿಗೆ ಕರ್ಕೊಂಡು ಹೋಗಿ. ನಮ್ಮ ಮಾವನಿಗೂ ಹೀಗೇ ಆಗಿತ್ತು. ಆಸ್ಪತ್ರೆ ಗಾಳಿಯೇ ಸರಿ ಇರಲ್ಲ.

ನಿವೃತ್ತ ಸಿಸ್ಟರ್, ತುಮಕೂರು

ಸೀನಪ್ಪಾ, ಚಳಿ ಜ್ವರ ಬಂದಿರುವವರನ್ನು ಎಬ್ಬಿಸಿ ಕಾರಿಗೆ ಹಾಕಿಕೊಂಡು ಹೋಗಿ ಅಂತ ಹೇಳಬೇಡ. ಬಿಪಿ ಇಳಿದರೆ ಹೊಸಕೋಟೆ ಟ್ರಾಫಿಕ್ಕಿನಲ್ಲಿ ಯಾರು ನೋಡ್ತಾರೆ? ಗಾಳಿಯದೂ ಇಲ್ಲಿ ಅಂಥ ಪಾತ್ರ ಇಲ್ಲ.

ತಮ್ಮಾ, ನಾನು 31 ವರ್ಷ ವಾರ್ಡಿನಲ್ಲಿದ್ದವಳು. ಅದರಲ್ಲಿ ಹೆಚ್ಚು ಕಾಲ ಸರ್ಜರಿ ವಾರ್ಡು. ನಿಮ್ಮಪ್ಪನಂಥ ಕಾಲು ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲು ಹಣ್ಣಿನ ವಿಷಯ ಮುಗಿಸಿಬಿಡ್ತೀನಿ. ಅರ್ಧ ಹೋಳಿಗೆ ಶುಗರ್ ಏರುತ್ತೆ, ಕೆಲವು ಗಂಟೆಗೆ ಇಳಿಯುತ್ತೆ. ನಾಲ್ಕನೇ ದಿನ ತಿಂದಿದ್ದು ಐದನೇ ದಿನ ಸಂಜೆ 290 ಮಾಡಲ್ಲ. ಮೈಯಲ್ಲಿ ಎಲ್ಲೋ ಸೋಂಕು ಶುರುವಾದರೆ ಎಷ್ಟೋ ಸಲ ಮೊದಲು ಏರೋದೇ ಶುಗರ್. ಜ್ವರ ಆಮೇಲೆ ಬರುತ್ತೆ. ಕಾರಣ ಇಲ್ಲದೆ ಶುಗರ್ ಏರಿದರೆ ನಮ್ಮ ಹಳೇ ಹೆಡ್ ಸಿಸ್ಟರು ಇನ್ಸುಲಿನ್ ಚಾರ್ಟ್ ಪಕ್ಕಕ್ಕಿಟ್ಟು, ಪೇಷಂಟಿನ ಹೊದಿಕೆ ತೆಗೆದು ತಲೆಯಿಂದ ಕಾಲಿನವರೆಗೆ ನೋಡೋರು. ಆದರೂ ಇನ್ನು ಮುಂದೆ ಹಣ್ಣು, ಎಳನೀರು ಏನೇ ಕೊಟ್ಟರೂ ಸಿಸ್ಟರಿಗೆ ಹೇಳಿ ಕೊಡಿ. ಅವರು ಇನ್ಸುಲಿನ್ ಲೆಕ್ಕ ಹಾಕೋದು ಊಟದ ಮೇಲೆ.

ಈಗ ಪೈಪ್. ನನ್ನ ಕೇಳಿದರೆ ಇದೇ ದೊಡ್ಡ ಅಪರಾಧಿ. ಮೂತ್ರಕೋಶದವರೆಗೆ ಒಂದು ರಬ್ಬರ್ ದಾರಿ ಮಾಡಿಕೊಟ್ಟ ಹಾಗೆ ಅದು. ಕ್ರಿಮಿಗಳು ಪೈಪಿಗೆ ಪಾಚಿ ಥರ ಅಂಟಿಕೊಂಡು ಮೇಲೆ ಹತ್ತುತ್ತವೆ. ಆ ಲೋಳೆ ಪದರಕ್ಕೆ ಆಂಟಿಬಯೋಟಿಕ್ ಸರಿಯಾಗಿ ಇಳಿಯೋದಿಲ್ಲ. ಪೈಪ್ ಇರುವ ಒಂದೊಂದು ದಿನಕ್ಕೂ 100 ಜನರಲ್ಲಿ 3ರಿಂದ 7 ಜನರ ಯೂರಿನ್ನಿಗೆ ಕ್ರಿಮಿ ಸೇರುತ್ತೆ ಅನ್ನೋದು ಹಳೇ ಲೆಕ್ಕ. ಬೆನ್ನಿನ ಇಂಜೆಕ್ಷನ್ ಇಳಿದ ಮೇಲೆ ಪೈಪ್ ಯಾಕೆ ಉಳೀತು? ಬೇಕಂತಲೇ ಯಾರೂ ಬಿಡೋದಿಲ್ಲ. ರೌಂಡ್ಸಿನಲ್ಲಿ ಎಲ್ಲರ ಕಣ್ಣೂ ಕಾಲಿನ ಮೇಲೆ. ಪೈಪ್ ಹೊದಿಕೆ ಕೆಳಗೆ. ಮನೆಯವರಿಗೂ ರಾತ್ರಿ ಎಬ್ಬಿಸೋದು ತಪ್ಪಿತು ಅಂತ ಸಮಾಧಾನ. ನಾನೂ ಮರೆತಿದ್ದೀನಿ, ಸುಳ್ಳು ಹೇಳಲ್ಲ.

ಒಂದು ಕೇಳ್ತೀನಿ, ನೆನಪು ಮಾಡಿಕೊಳ್ಳಿ. ಕಾಲಿನ ಎಕ್ಸ್‌ರೇಗೆ ಸ್ಟ್ರೆಚರ್ ಮೇಲೆ ಕರ್ಕೊಂಡು ಹೋಗಿರ್ತೀರಲ್ಲ, ಆಗ ಯೂರಿನ್ ಬ್ಯಾಗ್ ಎಲ್ಲಿತ್ತು? ಹೊಟ್ಟೆ ಮೇಲೋ ತೊಡೆ ಮೇಲೋ ಇಟ್ಟಿದ್ದರೆ ಬ್ಯಾಗಿನಲ್ಲಿ ನಿಂತಿದ್ದ ಯೂರಿನ್ ವಾಪಸ್ ಒಳಗೆ ಹರಿಯಬಹುದು. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ಇನ್ನು ಶುಗರ್ ಇರೋರಿಗೇ ಯಾಕೆ ಜಾಸ್ತಿ ಅಂದರೆ, ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣ ಮಂಕಾಗುತ್ತೆ. ಸೋಂಕಿನ ಜಾಗಕ್ಕೆ ಬೇಗ ಹೋಗೋದಿಲ್ಲ, ಹೋದರೂ ಕ್ರಿಮಿ ನುಂಗೋಕೆ ತ್ರಾಣ ಇರಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 140ರಿಂದ 180ರೊಳಗೆ ಇಡೋಕೆ ನೋಡೋದು. ಇನ್ನೊಂದು ಕಾರಣ ನರ. ತಂತಿ ಚುಚ್ಚಿದ್ದು ತಿಳಿಯಲಿಲ್ಲ ಅಂದ್ರಲ್ಲ, ಅದೇ ಥರ ಮೂತ್ರಕೋಶದ ನರವೂ ಮಂದ ಆಗಿರಬಹುದು. ಪೂರ್ತಿ ಖಾಲಿ ಆಗಲ್ಲ, ತಳದಲ್ಲಿ ಸ್ವಲ್ಪ ನಿಂತೇ ಇರುತ್ತೆ. ನಿಂತ ನೀರಲ್ಲಿ ಹುಳ ಆಗೋದು ರೈತರಿಗೆ ನಾನು ಹೇಳಬೇಕಾ? ಪೈಪ್ ತೆಗೆದ ಮೇಲೆ ಎಷ್ಟು ಉಳಿಯುತ್ತೆ ಅಂತ ಸ್ಕ್ಯಾನ್ ಮಾಡ್ತೀರಾ ಅಂತ ಕೇಳಿ.

ಕೈ ಊದಿದ್ದನ್ನು ಬೆಳಗಿನ ರೌಂಡ್ಸಿನವರೆಗೂ ಬಿಡಬೇಡಿ. ಈಗಲೇ ಸಿಸ್ಟರನ್ನು ಕರೆದು ತೋರಿಸಿ. ಕೆಂಪಾದ ಕೈಯಿಂದ ಸೂಜಿ ತೆಗೆದು ಬೇರೆ ಕಡೆ ಹಾಕಬೇಕು. ಪ್ಲಾಸ್ಟರ್ ಮೇಲೆ ಹಾಕಿದ ತಾರೀಕು ಬರೆದಿರ್ತಾರೆ, ನೋಡಿ.

ಲ್ಯಾಬ್ ಹುಡುಗ

ಸಿಸ್ಟರ್ ಹೇಳಿದ್ದು ಸರಿ. ಚಿಂತಾಮಣಿಯಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ, ನನ್ನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ.

ಆಂಟಿಬಯೋಟಿಕ್ ನಡೀತಿದ್ದರೂ ಹೇಗೆ ಅಂದ್ರಲ್ಲ. ಕಾಲಿಗೆ ಕೊಟ್ಟ ಔಷಧಿ ಅದಕ್ಕೆ ಬಗ್ಗುವ ಕ್ರಿಮಿಗಳನ್ನು ಸಾಯಿಸುತ್ತೆ. ಬಗ್ಗದವು ಉಳಿದು, ಖಾಲಿಯಾದ ಜಾಗದಲ್ಲಿ ಬೆಳೆಯುತ್ತವೆ. ಕಳೆನಾಶಕ ಹೊಡೆದ ಮೇಲೂ ಒಂದು ಜಾತಿ ಕಳೆ ಉಳಿಯುತ್ತಲ್ಲ, ಹಾಗೆ. ಯೂರಿನ್‌ನಲ್ಲಿ ನಾವು ಜಾಸ್ತಿ ನೋಡೋದು ಇ ಕೋಲೈ, ಕ್ಲೆಬ್ಸಿಯೆಲ್ಲಾ. ಇ ಕೋಲೈ ಬಹಳ ಸಲ ಪೇಷಂಟಿನ ಕರುಳಿನಿಂದಲೇ ಬಂದಿರುತ್ತೆ, ಹೊರಗಿನದ್ದೇ ಆಗಬೇಕಿಲ್ಲ. ಶುಗರ್ ಇರೋರಿಗೆ, ಆಂಟಿಬಯೋಟಿಕ್ ಜಾಸ್ತಿ ದಿನ ಹೋದವರಿಗೆ ಕ್ಯಾಂಡಿಡಾ ಅನ್ನೋ ಫಂಗಸ್ಸೂ ಬರುತ್ತೆ.

ಹೊಸ ಆಂಟಿಬಯೋಟಿಕ್ ಶುರು ಮಾಡೋ ಮೊದಲೇ ಕಲ್ಚರಿಗೆ (ಯಾವ ಕ್ರಿಮಿ ಅಂತ ಬೆಳೆಸಿ ನೋಡೋ ಟೆಸ್ಟ್) ಸ್ಯಾಂಪಲ್ ಹೋಗಿದ್ದರೆ ಒಳ್ಳೇದು. ಹಾಗಂತ ರಿಪೋರ್ಟಿಗಾಗಿ ಔಷಧಿ ನಿಲ್ಲಿಸಬಾರದು, ಅದು ಬರೋಕೆ ಎರಡು ಮೂರು ದಿನ ಬೇಕು. ಸ್ಯಾಂಪಲ್ ಬ್ಯಾಗಿನಿಂದ ಹಿಡಿಯಬಾರದು. ಬ್ಯಾಗಿನ ಯೂರಿನ್ ತಂದುಕೊಟ್ಟು ಬೇಗ ಹೇಳಿ ಅನ್ನೋರ ಜೊತೆ ನನಗೆ ವಾರಕ್ಕೊಂದು ಜಗಳ. ಮತ್ತೆ, ಪೈಪ್ ಇರೋರ ಯೂರಿನ್‌ನಲ್ಲಿ ಕ್ರಿಮಿ ಸಿಕ್ಕ ಮಾತ್ರಕ್ಕೆ ಜ್ವರ ಅದರದ್ದೇ ಅಂತಲ್ಲ. ಎದೆ, ಕೈ, ಕಾಲು ಎಲ್ಲಾ ನೋಡಿ ಡಾಕ್ಟರೇ ಹೇಳಬೇಕು.

ಟೊಮೇಟೊ ತೋಟ (ಕೋಲಾರ)

ಸಿಸ್ಟರ್, ನಿಮ್ಮ ಮೆಸೇಜ್ ಓದಿ ಕೈಕಾಲು ತಣ್ಣಗಾಯ್ತು. ಎಕ್ಸ್‌ರೇ ದಿನ ಬ್ಯಾಗನ್ನು ಅಪ್ಪನ ಹೊಟ್ಟೆ ಮೇಲೆ ಇಟ್ಟಿದ್ದು ನನ್ನ ತಮ್ಮ. ಕೆಳಗೆ ನೇತಾಡಿದರೆ ಚಕ್ರಕ್ಕೆ ಸಿಗುತ್ತೆ ಅಂತ ಪಾಪ, ಕಾಳಜಿಯಿಂದಲೇ ಇಟ್ಟಿದ್ದ. ಅವನಿಗೆ ಇನ್ನೂ ಹೇಳಿಲ್ಲ. ಹೇಳೋದೂ ಬೇಡ ಅನ್ನಿಸ್ತಿದೆ.

ರಾತ್ರಿಯೇ ಸಿಸ್ಟರ್ ಬಂದು ಎಡಗೈ ಸೂಜಿ ತೆಗೆದರು. ತಾರೀಕು ನೋಡಿದರೆ ಐದು ದಿನದ ಹಿಂದಿನದು. ಬೆಳಿಗ್ಗೆ ರೌಂಡ್ಸಿನಲ್ಲಿ ಪೈಪ್ ಇನ್ನೂ ಬೇಕಾ ಸಾರ್ ಅಂತ ಕೇಳಿದೆ. ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, ಬೇಡ, ತೆಗೆಯಿರಿ ಅಂದರು. ಕಲ್ಚರ್ ರಾತ್ರಿಯೇ ಕಳಿಸಿದ್ದರಂತೆ. ಮಧ್ಯಾಹ್ನ ಅಪ್ಪ ತಾವೇ ಯೂರಿನ್ ಮಾಡಿದರು. ಆಮೇಲೆ ಸ್ಕ್ಯಾನ್ ಮಾಡಿದಾಗ ಸ್ವಲ್ಪ ಉಳಿದಿದೆ, ಮತ್ತೆ ನೋಡೋಣ ಅಂದಿದ್ದಾರೆ. ಜ್ವರ ಈಗ 100. ಮುದ್ದೆ ಯಾವಾಗ ಕೊಡ್ತೀರಾ ಅಂತ ಕೇಳೋಕೆ ಶುರು ಮಾಡಿದ್ದಾರೆ.

ನಿವೃತ್ತ ಸಿಸ್ಟರ್, ತುಮಕೂರು

ಮುದ್ದೆ ಕೇಳಿದರು ಅಂದ್ರೆ ನನಗೆ ಅರ್ಧ ಧೈರ್ಯ ಬಂತು. ತಮ್ಮನಿಗೆ ಹೇಳಬೇಡಿ, ಬ್ಯಾಗ್ ಹಿಡಿಯೋದು ಹೇಗೆ ಅಂತ ಅವನಿಗೆ ಯಾರು ಕಲಿಸಿದ್ದರು? ಮಲಗಿಸಿಯೇ ಇಡಬೇಡಿ, ಕೂರಿಸಿ, ಹಲ್ಲು ಉಜ್ಜಿಸಿ. ಇಲ್ಲದಿದ್ದರೆ ಆಮೇಲೆ ಸೋಂಕು ಎದೆಗೆ ಇಳಿಯಬಹುದು. ನೋಡೋಕೆ ಬರೋರೆಲ್ಲ ಕೈ ತೊಳೆದು ಮುಟ್ಟಲಿ. ಡ್ರೆಸಿಂಗ್ ಮಾಡೋರು ಪಕ್ಕದ ಮಂಚದಿಂದ ನೇರ ನಿಮ್ಮಪ್ಪನ ಹತ್ತಿರ ಬಂದರೆ ಕೈಗೆ ಸ್ಯಾನಿಟೈಸರ್ ಹಾಕ್ಕೊಂಡ್ರಾ ಅಂತ ಕೇಳಿ. ಬೈದರೆ ಬೈಸಿಕೊಳ್ಳಿ.

ಎಡಗಾಲು ನೋಡಿದ್ರಾ? ಗಾಯ ಇಲ್ಲದ ಕಾಲು. ಹಿಮ್ಮಡಿ ನೋಡಿ ಹೇಳಿ.

ಟೊಮೇಟೊ ತೋಟ (ಕೋಲಾರ)

ಈಗ ನೋಡಿ ಬಂದೆ. ಹಿಮ್ಮಡಿಯಲ್ಲಿ ಎಂಟಾಣೆಯಷ್ಟು ಕೆಂಪಾಗಿದೆ. ಒತ್ತಿದರೂ ಬಿಳಿಯಾಗ್ತಿಲ್ಲ. ನೋವು ಇದೆಯಾ ಅಂದರೆ ಎಲ್ಲಿ ಅಂತ ಅಪ್ಪನೇ ಕೇಳ್ತಾರೆ.

ನಿವೃತ್ತ ಸಿಸ್ಟರ್, ತುಮಕೂರು

ಅದಕ್ಕೇ ಕೇಳಿದ್ದು. ಒಂದೇ ಭಂಗಿಯಲ್ಲಿ ಮಲಗಿ ಹಾಸಿಗೆ ಒತ್ತಿದೆ. ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲೋ ಹಾಗೆ ಮಾಡಿ, ಸಿಸ್ಟರಿಗೂ ತೋರಿಸಿ.

ಟೊಮೇಟೊ ತೋಟ (ಕೋಲಾರ)

ವಾರ್ಡಿನಲ್ಲಿ ಇನ್ನೊಂದು ದಿಂಬು ಇರಲಿಲ್ಲ. ಅಮ್ಮನ ಶಾಲು ಮಡಚಿ ಇಟ್ಟಿದ್ದೀನಿ. ಸಿಸ್ಟರ್ ಬಂದು ನೋಡಿ, ಇನ್ನೂ ಸ್ವಲ್ಪ ಮೇಲೆ ಅಂತ ಸರಿ ಮಾಡಿ ಹೋದರು.