ಓಟ್‌ಕೇಕ್ ಗರಿಗರಿಯಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ (ಅಬರ್ಡೀನ್ ನಿವಾಸಿ)
ಸ್ಕಾಟ್ಲೆಂಡಿಗೆ ಬಂದು ಎರಡು ವರ್ಷಗಳಾದವು. ಹೆಸರಿನಲ್ಲಿ ಕೇಕ್ ಇದ್ದರೂ ಸಿಹಿಯಿಲ್ಲದ, ನಮ್ಮ ಖಡಕ್ ರೊಟ್ಟಿಯನ್ನು ನೆನಪಿಸುವ ಇಲ್ಲಿಯ ಓಟ್‌ಕೇಕನ್ನು ಮನೆಯಲ್ಲೇ ಮಾಡಲು ಮೂರು ಬಾರಿ ಪ್ರಯತ್ನಿಸಿದ್ದೇನೆ. ಬೆಳಗಿನ ಗಂಜಿಗೆಂದು ತಂದ ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಉಪ್ಪು, ಬೆಣ್ಣೆ ಮತ್ತು ಬಿಸಿನೀರು ಹಾಕಿ ಕಲಸಿ, ಚಪಾತಿ ಹಿಟ್ಟಿನಂತೆ ಅರ್ಧ ಗಂಟೆ ನೆನೆಯಲು ಬಿಡುತ್ತೇನೆ. ಲಟ್ಟಿಸುವಾಗ ಅಂಚು ಸೀಳುತ್ತದೆ, ಬೆಂದ ಮೇಲೆ ನಡುಭಾಗ ಅಂಟಂಟಾಗಿಯೇ ಉಳಿಯುತ್ತದೆ. ಹಳೆಯ ವಿಧಾನಗಳಲ್ಲೆಲ್ಲ ಹಂದಿ ಅಥವಾ ದನದ ಕೊಬ್ಬನ್ನೇ ಹೇಳಿದ್ದಾರೆ, ನಾವು ಸಸ್ಯಾಹಾರಿಗಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ತಮ್ಮ ತೊಂದರೆ ಓಟ್ಸಿನಲ್ಲಿಯೇ ಇದೆ. ಗಂಜಿಗೆ ಬಳಸುವ ಓಟ್ಸ್ ಹಬೆಯಲ್ಲಿ ಬೇಯಿಸಿ ಉರುಳೆಗಳ ನಡುವೆ ಒತ್ತಿದ್ದು. ಅದರಿಂದ ಓಟ್‌ಕೇಕ್ ಮಾಡುವುದೆಂದರೆ ಅವಲಕ್ಕಿ ಪುಡಿಯಿಂದ ಅಕ್ಕಿರೊಟ್ಟಿ ತಟ್ಟಲು ಹೊರಟಂತೆ. ಅಂಗಡಿಯಲ್ಲಿ ‘ಮೀಡಿಯಂ ಓಟ್‌ಮೀಲ್’ ಎಂದು ಕೇಳಿ ಪಡೆಯಿರಿ. ಅದು ಕಾಳನ್ನು ಒಡೆದು ಮಾಡಿದ, ಸಣ್ಣ ರವೆಯಂತೆ ಬೆರಳಿಗೆ ತರಿತರಿಯಾಗಿ ಹತ್ತುವ ಹಿಟ್ಟು.

225 ಗ್ರಾಂ ಹಿಟ್ಟಿಗೆ ಕಾಲು ಚಮಚ ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡ, ಒಂದು ದೊಡ್ಡ ಚಮಚ ಕರಗಿಸಿದ ಬೆಣ್ಣೆ ಸಾಕು. ನಾನು ಬೆಣ್ಣೆಯ ಬದಲು ತುಪ್ಪ ಹಾಕುತ್ತೇನೆ, ಯಾವ ಸ್ಕಾಟಿಷ್ ಅತಿಥಿಯೂ ಈವರೆಗೆ ಆಕ್ಷೇಪಿಸಿಲ್ಲ. ಕುದಿಯುವ ನೀರನ್ನು ಒಮ್ಮೆಗೇ ಸುರಿಯದೆ, ಉಂಡೆ ಕಟ್ಟುವವರೆಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಸುಮಾರು 100 ಮಿಲಿಲೀಟರಿನಿಂದ ಮೊದಲು ಮಾಡಿ ನೋಡಿ. ಗೋಧಿಯಲ್ಲಿರುವ ಅಂಟು ಓಟ್ಸಿನಲ್ಲಿಲ್ಲವಾದ್ದರಿಂದ ಹಿಟ್ಟನ್ನು ಹಿಡಿದಿಡುವುದು ಬಿಸಿನೀರು ಮತ್ತು ಜಿಡ್ಡು ಮಾತ್ರ. ಹಿಟ್ಟು ಆರಿತೆಂದರೆ ಬಿಗಿದುಕೊಂಡು ಪುಡಿಯಾಗುತ್ತದೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆನೆಸಬೇಡಿ, ಒಮ್ಮೆಗೆ ಒಂದು ರೊಟ್ಟಿಗಾಗುವಷ್ಟನ್ನೇ ಕಲಸಿ, ಬೆಚ್ಚಗಿರುವಾಗಲೇ ಲಟ್ಟಿಸಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಬೇಯಿಸುವ ಕ್ರಮವನ್ನು ಬಿಟ್ಟಿದ್ದಾರೆ. ಸಾಂಪ್ರದಾಯಿಕವಾಗಿ ಇದು ಒಲೆಯ ಮೇಲಿನ ಕಬ್ಬಿಣದ ಹಂಚಿನ ತಿನಿಸು. ಆ ಹಂಚಿಗೆ ಸ್ಕಾಟರು ‘ಗರ್ಡಲ್’ ಎನ್ನುತ್ತಾರೆ. ಸ್ಕಾಟಿಷ್ ಸೈನಿಕರು ಕುದುರೆಯ ತಡಿಯಡಿಯಲ್ಲಿ ಲೋಹದ ತಗಡನ್ನೂ ತಡಿಯ ಹಿಂದೆ ಓಟ್ಸ್ ಹಿಟ್ಟಿನ ಚೀಲವನ್ನೂ ಒಯ್ಯುತ್ತಿದ್ದರೆಂದು 14ನೇ ಶತಮಾನದ ಫ್ರೆಂಚ್ ಇತಿಹಾಸಕಾರ ಫ್ರುವಾಸಾರ್ ಬರೆದಿದ್ದಾನೆ.

ದುಂಡಗೆ ಲಟ್ಟಿಸಿದ ರೊಟ್ಟಿಯನ್ನು ಅಡ್ಡ-ಉದ್ದ ಕತ್ತರಿಸಿ ನಾಲ್ಕು ತುಂಡು ಮಾಡುತ್ತಾರೆ. ಒಂದು ತುಂಡಿಗೆ ‘ಫಾರ್ಲ್’ ಎಂದು ಹೆಸರು, ಕಾಲುಭಾಗವೆಂದೇ ಅದರ ಮೂಲಾರ್ಥ. ಮಧ್ಯಮ ಉರಿಯಲ್ಲಿ ಹಂಚಿನ ಮೇಲಿಟ್ಟು, ತಿರುವಿ ಹಾಕದೆ ಕಾದರೆ ಮೂಲೆಗಳು ಮೆಲ್ಲಗೆ ಮೇಲಕ್ಕೆ ಸುರುಟಿಕೊಳ್ಳುತ್ತವೆ. ಅನಂತರ ಮೇಲ್ಭಾಗವನ್ನು ಬೆಂಕಿಯ ಎದುರು ಒಣಗಿಸುವುದು ಹಿಂದಿನ ರೂಢಿ; ಈಗ ಮೇಲಿನಿಂದ ಶಾಖ ಕೊಡುವ ಗ್ರಿಲ್ ಕೆಳಗಿಟ್ಟರಾಯಿತು. ಅಂಚು ಸೀಳುವುದನ್ನು ನಾನಂತೂ ದೋಷವೆನ್ನುವುದಿಲ್ಲ, ಲಟ್ಟಿಸುತ್ತಾ ಬೆರಳಿನಿಂದ ಒತ್ತಿ ಸೇರಿಸುತ್ತಿದ್ದರೆ ಸಾಕು.

ಉತ್ತರ 3
ಹಂಚು ಚೆನ್ನ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಓವನ್ನೇ ಸುಲಭ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಬಣ್ಣಕ್ಕಾಗಿ ಕಾಯಬೇಡಿ, ಇದು ಕಂದುವುದಕ್ಕಿಂತ ಹೆಚ್ಚಾಗಿ ಒಣಗಬೇಕಾದ ತಿನಿಸು. ಜಾಲರಿಯ ಮೇಲೆ ಪೂರ್ತಿ ಆರಿಸಿಯೇ ಡಬ್ಬಿಗೆ ಹಾಕಿ, ಬಿಸಿಯಲ್ಲಿ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತವೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಓಟ್‌ಕೇಕ್ ಯೀಸ್ಟ್ ಹಾಕಿದ ಮೆದುವಾದ ದೋಸೆಯಂಥದ್ದು, ವಿಧಾನ ಹುಡುಕುವಾಗ ಅದರೊಡನೆ ಬೆರೆಸಿಕೊಳ್ಳದಿರಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಮೀಡಿಯಂ ಓಟ್‌ಮೀಲ್ ತಂದು, ತುಪ್ಪ ಹಾಕಿ, ಊರಿನಿಂದ ತಂದಿದ್ದ ಕಬ್ಬಿಣದ ಹಂಚಿನ ಮೇಲೆ ಮಾಡಿದೆ. ಮೊದಲನೆಯದು ಹಂಚಿಗಿಡುವಾಗಲೇ ಮುರಿಯಿತು. ಎರಡನೆಯದರ ನಾಲ್ಕೂ ತುಂಡುಗಳ ಮೂಲೆಗಳು ಮೇಲೆದ್ದವು, ಕಚ್ಚಿದಾಗ ಕಟಕ್ಕೆಂದಿತು. ಚೀಸ್ ಜೊತೆ ಎರಡನ್ನು ತಿಂದು, ಉಳಿದೆರಡನ್ನು ಶೇಂಗಾ ಚಟ್ನಿಪುಡಿ, ಮೊಸರಿನ ಜೊತೆ ಮುಗಿಸಿದೆವು.