ಕಾದಂಬರಿಯ ರಾಜ್ಯಕ್ಕೆ ಶಾನುಭೋಗ ಬೇಕಾ? ಕಂದಾಯ ಇಲಾಖೆಯಲ್ಲಿದ್ದವರಿಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮಂಜುಹೊಳೆ ಅಂತ ರಾಜ್ಯ. ಅಲ್ಲಿ ಮಳೆ ಕರೆಯುವ ಮಾಂತ್ರಿಕರಿದ್ದಾರೆ, ಅರಮನೆಯಿಂದ ಸಂಬಳ. ರಾಜ, ಮಂತ್ರಿ, ಸೇನಾಪತಿ ಎಲ್ಲ ಸಿದ್ಧ. ಓದಿದ ಗೆಳತಿ "ಈ ರಾಜ್ಯದಲ್ಲಿ ದಿನದ ಕೆಲಸ ಮಾಡೋರು ಯಾರು?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದಾರೆ ನಿಮ್ಮ ಗೆಳತಿ. ಅರಮನೆ ಆಮೇಲೆ ಇರಲಿ, ಮೊದಲು ಒಂದು ಊರು ಮಾಡಿಕೊಳ್ಳಿ. ಆ ಊರಿಗೆ ಲೆಕ್ಕ ಬರೆಯಲು ಒಬ್ಬ, ಕಂದಾಯ ವಸೂಲಿಗೆ ಒಬ್ಬ, ಕೆರೆ ತೂಬು ತೆಗೆದು ಗದ್ದೆಗೆ ನೀರು ಬಿಡಲು ಒಬ್ಬ. ನಮ್ಮಲ್ಲಿ ಇವರೇ ಶಾನುಭೋಗ, ಪಟೇಲ, ನೀರುಗಂಟಿ. ಯಾರ ಗದ್ದೆಗೆ ಮೊದಲು ನೀರು ಅನ್ನೋದು ನೀರುಗಂಟಿಯ ಕೈಯಲ್ಲಿತ್ತು. ನಿಮ್ಮ ಮಾಂತ್ರಿಕನೂ ಅಂಥವನೇ ಅಲ್ವಾ? ಅವನು ಯಾವ ಊರಿಗೆ ಮೊದಲು ಹೋಗಬೇಕು ಅಂತ ಒಂದು ಪಟ್ಟಿ ಇರಲೇಬೇಕು. ಆ ಪಟ್ಟಿ ಬರೆಯುವವನು ಯಾರು ಅಂತ ಯೋಚಿಸಿ. ನಿಮ್ಮ ಕಥೆ ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ಮಳೆ ಕರೆಸಬಹುದು ಅಂದರೆ ಕಂದಾಯವೂ ಬದಲಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಶಿಸ್ತು ಅಂತ ಒಂದು ಪದ್ಧತಿ ತಂದ. ಮಣ್ಣು ಹೇಗಿದೆ, ನೀರು ಎಷ್ಟಿದೆ ಅಂತ ನೋಡಿ ಜಮೀನನ್ನು 5 ತರಗತಿ ಮಾಡಿದ. ಕಂಡುಗದ (ಧಾನ್ಯ ಅಳೆಯುವ ಹಳೇ ಅಳತೆ) ಲೆಕ್ಕದಲ್ಲಿ ಅಳೆಸಿದ. ಬೆಳೆಯ ಮೂರನೇ ಒಂದು ಪಾಲು ಕಂದಾಯ. ಈಗ ನಿಮ್ಮ ರಾಜ್ಯದಲ್ಲಿ ಮಾಂತ್ರಿಕ ಬಂದು ಹೋದ ಹೊಲ ಖುಷ್ಕಿಯೋ (ಮಳೆ ನಂಬಿದ ಒಣಭೂಮಿ), ತರಿಯೋ (ನೀರಾವರಿ ಜಮೀನು)? ರೈತ "ಈ ವರ್ಷ ಅವನು ಬರಲೇ ಇಲ್ಲ ಸ್ವಾಮಿ" ಅಂತಾನೆ. ಪುಸ್ತಕದಲ್ಲಿ ಬಂದಿದ್ದಾನೆ ಅಂತ ಬರೆದಿದೆ. ಆಗ ಸ್ಥಳಕ್ಕೆ ಹೋಗಿ ಮಹಜರು ಮಾಡಬೇಕು, ಅಂದರೆ ಸಾಕ್ಷಿಗಳ ಎದುರು ಕಂಡದ್ದನ್ನು ಬರೆದುಕೊಳ್ಳಬೇಕು. ಅಕ್ಕಪಕ್ಕದ ಹೊಲದವರನ್ನು ಕರೆಸಬೇಕು, ಚೆಕ್ಕುಬಂದಿ (ಹೊಲದ ನಾಲ್ಕು ದಿಕ್ಕಿನ ಗಡಿ) ಬರೆಯಬೇಕು, ಹೆಬ್ಬೆಟ್ಟು ಒತ್ತಿಸಬೇಕು. ಇಂಥದ್ದೊಂದು ದೃಶ್ಯ ಪೂರ್ತಿ ಬರೆಯಿರಿ. ಯುದ್ಧದ ದೃಶ್ಯಕ್ಕಿಂತ ಜಾಸ್ತಿ ಎದೆ ಹೊಡೆದುಕೊಳ್ಳುತ್ತದೆ, ನಾನು ನಿಂತು ನೋಡಿದ್ದೇನೆ.

ಪ್ರಶ್ನೆ: ಮಾಂತ್ರಿಕರು ಯಾರ ಕೈಕೆಳಗೆ ಇರಬೇಕು ಸರ್? ಮಂತ್ರಿಯ ಕೈಕೆಳಗೆ ಇಟ್ಟಿದ್ದೆ.

ಉತ್ತರ: ಒಬ್ಬ ಮಂತ್ರಿ ಎಲ್ಲವನ್ನೂ ನೋಡಲು ಆಗುವುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಆಡಳಿತವನ್ನು 18 ಚಾವಡಿ, ಅಂದರೆ ಇಲಾಖೆ, ಮಾಡಿದರು. ಅಠಾರಾ ಕಚೇರಿ ಅಂತ ಹೆಸರು. ಸುಂಕದ ಚಾವಡಿ, ಅಂಚೆ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ನನಗೆ ಇಷ್ಟವಾದದ್ದು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ಹಸುಗಳ ಇಲಾಖೆ ಅದು. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಆ ತಳಿಯ ಎತ್ತುಗಳೇ ಫಿರಂಗಿ ಗಾಡಿ ಎಳೆದವು. ಬೆಣ್ಣೆಗೆ ಅಂತ ಶುರುವಾದ ಚಾವಡಿ ದಂಡಿನ ಕೆಲಸಕ್ಕೆ ಬಂತು ನೋಡಿ. ನಿಮ್ಮಲ್ಲೂ ಒಂದು ಮಳೆ ಚಾವಡಿ ಇರಲಿ. ಬೆಳೆಗೆ ಅಂತ ಇದ್ದ ಮಳೆಯನ್ನು ಸೇನಾಪತಿ ಒಂದು ದಿನ ಶತ್ರುವಿನ ಪಾಳೆಯದ ಮೇಲೆ ಸುರಿಸು ಅಂತಾನೆ. ಚಾವಡಿಯವನು ನಿರೂಪ (ಲಿಖಿತ ಆಜ್ಞೆ) ಎಲ್ಲಿ, ಮುದ್ರೆ ಎಲ್ಲಿ ಅಂತ ಕೇಳುತ್ತಾನೆ.

ಇನ್ನೊಬ್ಬ ಸದಸ್ಯೆ: ಸರ್, ಕಡತ ಅಂದರೆ ಫೈಲ್ ತಾನೆ? ಹಳೇ ಕಾಲದ ರಾಜ್ಯದಲ್ಲಿ ಆ ಪದ ಬಳಸಬಹುದಾ?

ಉತ್ತರ: ಧಾರಾಳವಾಗಿ ಬಳಸಿ ಮೇಡಂ, ಅದು ಹಳೇ ಪದವೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಕಪ್ಪು ಹಲಗೆಯ ಹಾಗೆ ಆಗುತ್ತಿತ್ತು. ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಅಳಿಸಿ ಮತ್ತೆ ಬರೆಯಬಹುದಿತ್ತು ಅನ್ನೋದನ್ನು ಮರೆಯಬೇಡಿ. ರಾಜ್ಯದ ಲೆಕ್ಕವೆಲ್ಲ ಅಳಿಸಬಹುದಾದ ಬಟ್ಟೆಯ ಮೇಲಿದ್ದರೆ ಅದನ್ನು ಇಟ್ಟುಕೊಂಡವನ ನಿಯತ್ತು ಎಷ್ಟು ಮುಖ್ಯ ಯೋಚಿಸಿ.

ಪ್ರಶ್ನೆ: ಲೆಕ್ಕ ಬರೆಯುವ ಕೆಲಸ ಅಪ್ಪನಿಂದ ಮಗನಿಗೆ ಬರಲಾ, ಪರೀಕ್ಷೆ ಇಡಲಾ?

ಉತ್ತರ: ಎರಡನ್ನೂ ಒಟ್ಟಿಗೆ ಇಡಿ. ಮೈಸೂರಿನಲ್ಲಿ ಹಾಗೇ ಇತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಮೇಲಿನ ಹುದ್ದೆಗಳಿಗೆ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಬಂತು. ಊರಿನಲ್ಲಿ ಮಾತ್ರ ಶಾನುಭೋಗಿಕೆ ವಂಶದಲ್ಲೇ ಉಳಿಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾನೂನು 1963ರಲ್ಲಿ ಜಾರಿಯಾಗುವವರೆಗೂ ಅದು ಹೋಗಲಿಲ್ಲ. ಪರೀಕ್ಷೆ ಇಟ್ಟರೂ ಜಗಳ ತಪ್ಪುವುದಿಲ್ಲ. ಹುದ್ದೆಯೆಲ್ಲ ಒಂದೇ ಕಡೆಯವರಿಗೆ ಹೋಗುತ್ತಿದೆ ಅನ್ನೋ ಕೂಗು ಎದ್ದು, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದರು. ನಿಮ್ಮ ಮಂಜುಹೊಳೆಯಲ್ಲಿ ಓದು ಕಲಿಯಲು ಯಾರಿಗೆ ಬಿಡುತ್ತಾರೆ, ಯಾರಿಗೆ ಬಿಡುವುದಿಲ್ಲ? ಇದನ್ನು ದಯವಿಟ್ಟು ಹಾರಿಸಬೇಡಿ.

ಪ್ರಶ್ನೆ: ಕೊನೆಯದು ಸರ್. ಮಂತ್ರಿಯನ್ನೇ ಖಳನಾಯಕ ಮಾಡಿದ್ದೇನೆ. ಸರಿಯಾ?

ಉತ್ತರ: ಮಾಡಿ, ಆದರೆ ಎಲ್ಲ ತೊಂದರೆಗೂ ಒಬ್ಬ ಕೆಟ್ಟವನು ಬೇಕಾಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ ಪೌತಿ ಖಾತೆಗೆ, ಅಂದರೆ ತೀರಿಹೋದ ಗಂಡನ ಜಮೀನಿನ ಖಾತೆ ಬದಲಾಯಿಸಿಕೊಳ್ಳಲು, ಬಂದರು. ಎಲೆಅಡಿಕೆ ಚೀಲದಿಂದ ಕಂದಾಯದ ರಶೀದಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಸುಣ್ಣ ಹತ್ತಿ ಅಂಚು ಬೆಳ್ಳಗಾಗಿತ್ತು. ಒಂದು ವರ್ಷದ್ದೂ ತಪ್ಪಿರಲಿಲ್ಲ. ಆದರೆ ಪುಸ್ತಕದಲ್ಲಿ ಗಂಡನ ಹೆಸರಿನಲ್ಲಿ ಚ ಇರಬೇಕಾದ ಕಡೆ ಪ ಬಿದ್ದಿತ್ತು. ಅದಕ್ಕೇ ಅವರು ಎರಡು ವರ್ಷ ಅಲೆದಿದ್ದರು. ಬರೆದವನಿಗೆ ಅವರ ಮೇಲೆ ಹಗೆ ಏನೂ ಇರಲಿಲ್ಲ. ಸಂಜೆ ಬೆಳಕು ಕಮ್ಮಿ ಇತ್ತೋ ಏನೋ. ಆಮೇಲೆ ಬಂದವರು ಯಾರೂ ತಿದ್ದುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ. ಆ ಅಜ್ಜಿಯಂಥವರೊಬ್ಬರು ನಿಮ್ಮ ಮಳೆ ಚಾವಡಿಯ ಜಗಲಿಯಲ್ಲಿ ಕಾಯುತ್ತಾ ಕೂತಿರಲಿ.

ಮೊದಲ ಅಧ್ಯಾಯ ಆದ ಮೇಲೆ ಇಲ್ಲಿ ಹಾಕಿ. ಮಹಜರು ಬರೆದಿದ್ದರೆ ಚೆಕ್ಕುಬಂದಿ ಸರಿ ಇದೆಯಾ ಅಂತ ನಾನು ನೋಡಿಕೊಡುತ್ತೇನೆ.