ಪುಟ್ಟಿ, ಆ ಮಾತ್ರೆ ಬೇಡ

ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶ ಈಗ ನೋಡಿದೆ. ಅತ್ತಿಗೆ ಸೌಟು ಹಿಡಿದುಕೊಂಡೇ ಒಂದು ನಿಮಿಷ ಸುಮ್ಮನೆ ದಿಟ್ಟಿಸುತ್ತಾ ನಿಂತುಬಿಡುತ್ತಾರೆ, ಕರೆದರೂ ಓಗೊಡುವುದಿಲ್ಲ ಎಂದಿದ್ದೀಯ. ಮರೆವು ತರುವ ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳನ್ನು ಶಾಂತವಾಗಿಡುವ ಕೋಶಗಳೇ ಮೊದಲು ಸಾಯುತ್ತವಂತೆ, ಹಾಗಾದರೆ ಶಾಂತವಾಗಲು ಮಾತ್ರೆ ಕೊಡಲೇ ಎಂದು ಕೇಳಿದ್ದೀಯ. ಬೇಡ. ಔಷಧಿ ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡಬೇಡ.

ನೀನು ಓದಿದ್ದು ಸುಳ್ಳಲ್ಲ. ಅಮೆರಿಕದ ಸಿಯಾಟಲ್‌ನ ಅಲೆನ್ ಸಂಸ್ಥೆಯವರು, ತೀರಿಕೊಂಡ 84 ಮಂದಿ ದಾನ ಮಾಡಿದ್ದ ಮೆದುಳುಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವಿಷಯ ಅದು. ಬೇರೆ ಕೋಶಗಳನ್ನು ತಡೆದು ಹಿಡಿಯುವ, ಸೊಮ್ಯಾಟೊಸ್ಟ್ಯಾಟಿನ್ ಎಂಬ ರಾಸಾಯನಿಕ ತಯಾರಿಸುವ ಒಂದು ಬಗೆಯ ನರಕೋಶಗಳು ಬಹಳ ಮೊದಲೇ ಕಡಿಮೆಯಾಗುತ್ತಾ ಹೋಗುತ್ತವೆ. ಹೋರಿಯ ಮೂಗುದಾರ ಸಡಿಲವಾದ ಹಾಗೆ. ಕೆಲವು ರೋಗಿಗಳಿಗೆ ಕೈಕಾಲು ಅದುರದ, ಬರೀ ದಿಟ್ಟಿಸಿ ನಿಲ್ಲುವಂಥ ಫಿಟ್ಸ್ ಬರುವುದೂ ಉಂಟು. ಆದರೆ ಸತ್ತ ಕೋಶಗಳನ್ನು ಯಾವ ನಿದ್ರೆ ಮಾತ್ರೆಯೂ ಮರಳಿ ತರುವುದಿಲ್ಲ.

ನಮ್ಮ ಅತ್ತೆಯವರಿಗೆ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಮಗಳು ಬಂದಳೆಂದು ನಡುರಾತ್ರಿ ಎದ್ದು ಹಿತ್ತಿಲ ಬಾಗಿಲು ತೆಗೆಯುತ್ತಿದ್ದರು. ಅಡಿಕೆ ಕೊಯ್ಲಿನ ಕಾಲ, ಮನೆ ತುಂಬ ಜನ. ಚಿಕ್ಕ ಮೈದುನ ಯಾರನ್ನೂ ಕೇಳದೆ ಆಲ್‌ಪ್ರಜೊಲಾಮ್ ಎಂಬ ನಿದ್ರೆ ಬರಿಸುವ ಮಾತ್ರೆ ತಂದು ಹಾಲಿನ ಜೊತೆ ನುಂಗಿಸಿದ. ನಿದ್ರೆಯೇನೋ ಬಂತು. ಹಗಲೂ ತೂಕಡಿಕೆ, ನನ್ನನ್ನೇ ಯಾರೆಂದು ಕೇಳುವಷ್ಟು ಗೊಂದಲ. ಒಂದು ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಎದ್ದು ನಡೆಯಲೇ ಇಲ್ಲ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ವೈದ್ಯರು ಬರೆಯದ ನಿದ್ರೆ ಮಾತ್ರೆ ಬೇಡವೇ ಬೇಡ.

ಮಗ್ಗುಲು ಬದಲಿಸಿದ್ದು, ಬಟ್ಟೆ ಒಗೆದದ್ದು, ರಾತ್ರಿಯಿಡೀ ಕುಳಿತದ್ದು ನಾನು. ಮಾತ್ರೆ ತಂದವನು ಮರುವಾರವೇ ಬೆಂಗಳೂರಿನ ಬಸ್ ಹತ್ತಿದ. ಅತ್ತೆಯ ಹೆಣ್ಣುಮಕ್ಕಳಿಗೂ ಬಿಡುವಿರಲಿಲ್ಲ. ವೈಕುಂಠ ಸಮಾರಾಧನೆಗೆ ಮಾತ್ರ ಎಲ್ಲರೂ ಹಾಜರು. ಊಟದ ಎಲೆ ಎತ್ತುವ ಮೊದಲೇ ಅತ್ತೆಯ ಚಿನ್ನದ ಅವಲಕ್ಕಿ ಸರ ಯಾರ ಹತ್ತಿರ ಇದೆ ಎಂದು ಕೇಳಿದರು. ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ. ಅತ್ತಿಗೆ ಮತ್ತೆ ಹಾಗೆ ನಿಂತಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೋ. ತುಟಿ ಚಪ್ಪರಿಸುತ್ತಾರೆಯೇ, ಸೆರಗನ್ನು ಹೊಸೆಯುತ್ತಾರೆಯೇ, ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿ ಕಾಣಬೇಕು. ನರರೋಗ ತಜ್ಞರಿಗೆ ತೋರಿಸು. ನಿಮ್ಹಾನ್ಸ್‌ಗೆ ಹೋದರೂ ಸರಿ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ, ಬೇಕೇ ಎಂದು ನೀನೇ ಕೇಳು. ಒಮ್ಮೆ ಅದು ಸರಿಯಾಗಿ ಬಂದರೂ ಫಿಟ್ಸ್ ಇಲ್ಲವೆಂದು ಖಚಿತವಾಗುವುದಿಲ್ಲ. ಬಿ12, ಥೈರಾಯ್ಡ್, ಸಕ್ಕರೆಯನ್ನೂ ನೋಡಿಸು. ಇದು ಆಲ್‌ಝೈಮರ್ ಅಲ್ಲದೆಯೂ ಇರಬಹುದು. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗು. ಅವರು ಮೊದಲಿನಿಂದಲೂ ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡ, ಅದರಿಂದಲೂ ಫಿಟ್ಸ್ ಬರಬಹುದು. ಅಲ್ಲಿಯವರೆಗೆ ಒಲೆಯ ಮುಂದೆ ಅವರನ್ನು ಒಂಟಿಯಾಗಿ ಬಿಡಬೇಡ. ನಿನ್ನ ಅಣ್ಣನಿಗೂ ರಜೆ ಹಾಕಿ ಬರಲು ಹೇಳು, ಆಸ್ಪತ್ರೆಗೆ ನೀನೊಬ್ಬಳೇ ಓಡಾಡಬೇಡ.